ಸೊಂಟ ನೋವಿಗೆ ಎಂಆರ್‌ಐ ಯಾವಾಗ ಬೇಕು? ರಿಪೋರ್ಟ್ ಬರೆಯುವವಳ ಕಡೆಯಿಂದ ಒಂದಿಷ್ಟು ಮಾತು

 

ನಾನು ರೇಡಿಯಾಲಜಿಸ್ಟ್. ಮನೇಲಿ ಇದನ್ನ ವಿವರಿಸೋದು ಕಷ್ಟ. ನಮ್ಮಮ್ಮ ಇವತ್ತಿಗೂ ಊರಲ್ಲಿ "ನಮ್ಮ ಹುಡುಗಿ ಫೋಟೊ ತೆಗಿಯೋ ಡಾಕ್ಟರ್" ಅಂತಲೇ ಹೇಳ್ತಾರೆ. ಫೋಟೊ ತೆಗೆಯೋರು ಟೆಕ್ನೀಷಿಯನ್. ನಾನು ಅದನ್ನ ಓದಿ ರಿಪೋರ್ಟ್ ಬರೆಯೋಳು. ನೀವು ಎಂಆರ್‌ಐ ಮಾಡಿಸಿದ್ರೆ ನನ್ನಂಥೋರನ್ನ ನೋಡಿರೋದಿಲ್ಲ, ಎರಡನೇ ಪುಟದ ಕೆಳಗಿನ ಸಹಿ ಮಾತ್ರ ನೋಡಿರ್ತೀರಿ.

ನನಗೆ ವಾರಕ್ಕೆ ಎರಡು ಮೂರು ಸಲನಾದ್ರೂ ರಾತ್ರಿ ಹತ್ತರ ಮೇಲೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬರುತ್ತೆ. ಮಂಚದ ಮೇಲೆ ಇಟ್ಟು ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದ ರಿಪೋರ್ಟ್. ಕೆಳಗೆ ಒಂದು ಸಾಲು: "ಮೇಡಂ, ಇದು ಸೀರಿಯಸ್ಸಾ?" ಕೆಲವು ಸಲ ಅದು ಅವರದ್ದೇ, ಕೆಲವು ಸಲ ಊರಲ್ಲಿರೋ ಅಪ್ಪ ಅಮ್ಮಂದು. ಇವತ್ತಿನ ಮಾತು ಆ ಒಂದು ಸಾಲಿಗೆ ಉತ್ತರ ಅಂದ್ಕೊಳ್ಳಿ.

ಮೊದಲು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೀನಿ. ಕೆಲವು ವರ್ಷದ ಹಿಂದಿನ ಮಾತು. ಹಿಂಜೆವಾಡಿ ಕಡೆ ಕೆಲಸ ಮಾಡೋ ನಮ್ಮ ಕಡೆ ಹುಡುಗ, 31 ವಯಸ್ಸು. ದೀಪಾವಳಿಗೆ ಊರಿಗೆ ಹೋಗಿ, ರಾತ್ರಿ ಬಸ್ಸಲ್ಲಿ ವಾಪಸ್ ಬಂದು, ಬೆಳಿಗ್ಗೆ ಬ್ಯಾಗ್ ಎತ್ತುವಾಗ ಸೊಂಟ ಹಿಡಿದುಕೊಂಡಿದೆ. ಗದಗ ಕಡೆ ನಾವು "ಟೊಂಕ ಹಿಡೀತು" ಅಂತೀವಿ. ಕಾಲಿಗೆ ನೋವಿಲ್ಲ, ಜೋಮಿಲ್ಲ, ಜ್ವರ ಇಲ್ಲ. ಮೂರನೇ ದಿನ ಅವನೇ ಆಪ್‌ನಲ್ಲಿ ಎಂಆರ್‌ಐ ಬುಕ್ ಮಾಡಿಕೊಂಡು ಬಂದ. ಅವತ್ತು ನನ್ನ ಮುಂದೆ ಇನ್ನೂ ಎಷ್ಟೋ ಕೇಸ್ ಬಾಕಿ ಇದ್ದವು. ಅವನ ಇಮೇಜ್ ತೆಗೆದೆ, ನಮ್ಮ ಟೆಂಪ್ಲೇಟ್‌ನಲ್ಲಿ ಬರೆದೆ: "ಮಲ್ಟಿಲೆವೆಲ್ ಡೀಜನರೇಟಿವ್ ಡಿಸ್ಕ್ ಡಿಸೀಸ್. ಎಲ್4-ಎಲ್5 ಡಿಫ್ಯೂಸ್ ಡಿಸ್ಕ್ ಬಲ್ಜ್ ಇಂಡೆಂಟಿಂಗ್ ದಿ ಥೀಕಲ್ ಸ್ಯಾಕ್." ಮಲ್ಟಿಲೆವೆಲ್ ಅಂದ್ರೆ ಎರಡು ಕಡೆ. ಸಹಿ ಹಾಕಿದೆ, ಮುಂದಿನ ಕೇಸ್ ತೆಗೆದೆ.

ಎಂಟು ತಿಂಗಳಾದ ಮೇಲೆ ಅದೇ ಹುಡುಗ ಎರಡನೇ ಎಂಆರ್‌ಐಗೆ ಬಂದ. ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಒಂದಿಷ್ಟೂ ಬದಲಾವಣೆ ಇಲ್ಲ. ಯಾಕೆ ಮತ್ತೆ ಮಾಡಿಸಿದ್ರು ಅಂತ ಅವತ್ತು ಅವನನ್ನ ಕರೆದು ಮಾತಾಡಿಸಿದೆ. ನೋವು ಮೂರು ವಾರಕ್ಕೇ ಹೋಗಿತ್ತಂತೆ. ಆದ್ರೆ ಅವನು ಎಂಟು ತಿಂಗಳಿಂದ ನೆಲದ ಮೇಲೆ ಮಲಗ್ತಿದ್ದ. ದಿನವಿಡೀ ಬೆಲ್ಟ್. ಬ್ಯಾಡ್ಮಿಂಟನ್ ಬಿಟ್ಟಿದ್ದ. ಬೈಕ್ ಮಾರಿದ್ದ. "ಡಿಸೀಸ್" ಅನ್ನೋ ಪದದ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದ, ಆ ಹಾಳೆ ಮಡಿಚಿ ಮಡಿಚಿ ಹರಿದು ಹೋಗಿತ್ತು. ಎದ್ದು ಹೋಗುವಾಗ ಕೇಳಿದ: "ಮೇಡಂ, ನಾ ಈಗ ಮಗಳನ್ನ ಎತ್ಕೋಬಹುದೇನ್ರಿ?" ಮಗಳಿಗೆ ಎರಡು ವರ್ಷ. ಎಂಟು ತಿಂಗಳಿಂದ ಅವನು ಅವಳನ್ನ ಎತ್ತಿಕೊಂಡಿರಲಿಲ್ಲ.

ನಾನು ಬರೆದಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅಲ್ಲಿ ಬಲ್ಜ್ ಇತ್ತು, ಥೀಕಲ್ ಸ್ಯಾಕ್‌ಗೆ ತಾಗಿತ್ತು. ಆದ್ರೆ ಅವನ ನೋವಿಗೂ ಅದಕ್ಕೂ ಸಂಬಂಧ ಇದೆ ಅಂತ ನನಗೆ ಗೊತ್ತಿರಲಿಲ್ಲ, ಹಾಗಂತ ನಾನು ಬರೆದೂ ಇರಲಿಲ್ಲ. ಅವನು ಹಾಗೆ ಓದಿಕೊಂಡ. ಯಾರಾದ್ರೂ ಹಾಗೇ ಓದಿಕೊಳ್ತಾರೆ.

ಸರಿ, ಈಗ ಮೆಷಿನ್‌ಗಳ ಕಡೆ ಬರೋಣ. ಯಾವುದು ಏನನ್ನ ನೋಡುತ್ತೆ ಅಂತ ಗೊತ್ತಾದ್ರೆ ಅರ್ಧ ಗೊಂದಲ ಕಡಿಮೆ.

ಎಕ್ಸ್‌ರೇ ಬಂದಿದ್ದು 1895ರಲ್ಲಿ, ರಾಂಟ್ಗನ್ ಅವರಿಂದ. ಅದು ಮೂಳೆ ತೋರಿಸುತ್ತೆ. ಡಿಸ್ಕ್ ತೋರಿಸೋದಿಲ್ಲ. ಇದನ್ನ ಇನ್ನೊಂದು ಸಲ ಹೇಳ್ತೀನಿ, ಯಾಕಂದ್ರೆ "ಎಕ್ಸ್‌ರೇಯಲ್ಲಿ ಡಿಸ್ಕ್ ಜಾರಿದೆ ಅಂದ್ರು" ಅಂತ ಬಹಳ ಜನ ಬರ್ತಾರೆ. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಖಾಲಿ ಜಾಗ ಕಾಣುತ್ತೆ. ಆ ಜಾಗ ಕಡಿಮೆ ಆಗಿದ್ರೆ ಡಿಸ್ಕ್ ತೆಳ್ಳಗಾಗಿರಬಹುದು ಅಂತ ಊಹೆ ಮಾಡ್ತೀವಿ, ಅಷ್ಟೇ. ಮೂಳೆ ಮುರಿದಿದೆಯಾ, ಒಂದರ ಮೇಲೊಂದು ಸರಿದಿದೆಯಾ, ಇದಕ್ಕೆ ಎಕ್ಸ್‌ರೇ ಒಳ್ಳೇದು. ಅದಕ್ಕೇ ಡಿಸ್ಕ್‌ನಿಂದ ಕಾಲು ನೋವು ಬರುತ್ತೆ ಅನ್ನೋದು ವೈದ್ಯರಿಗೆ ಸ್ಪಷ್ಟ ಆಗೋಕೆ ಎಕ್ಸ್‌ರೇ ಬಂದ ಮೇಲೂ ಸುಮಾರು 40 ವರ್ಷ ಬೇಕಾಯ್ತು. 1934ರಲ್ಲಿ ಬಾಸ್ಟನ್‌ನ ಮಿಕ್ಸ್‌ಟರ್ ಮತ್ತು ಬಾರ್ ಅನ್ನೋ ಇಬ್ಬರು ಸರ್ಜನ್‌ಗಳು, ಒಡೆದ ಡಿಸ್ಕ್ ನರವನ್ನ ಒತ್ತುತ್ತೆ ಅಂತ ಆಪರೇಷನ್‌ಗಳ ಆಧಾರದ ಮೇಲೆ ಬರೆದರು. ಅಲ್ಲಿಂದ ಡಿಸ್ಕ್ ಅನ್ನೋದು ಎಲ್ಲರ ಬಾಯಿಗೆ ಬಂತು. ಆಮೇಲೆ ಎಲ್ಲಾ ಸೊಂಟ ನೋವಿಗೂ ಅದೇ ಕಾರಣ ಅನ್ನೋ ನಂಬಿಕೆನೂ ಬಂತು.

ಸಿಟಿ ಸ್ಕ್ಯಾನ್ ಬಂದಿದ್ದು 1970ರ ದಶಕದಲ್ಲಿ. ಅದು ಎಕ್ಸ್‌ರೇಯನ್ನೇ ಸುತ್ತಲೂ ತಿರುಗಿಸಿ ತೆಗೆಯೋ ಚಿತ್ರ. ಡಿಸ್ಕ್ ಸ್ವಲ್ಪ ಮಟ್ಟಿಗೆ ಕಾಣುತ್ತೆ, ಆದ್ರೆ ವಿಕಿರಣ ಇದೆ. ಸೊಂಟದ ಒಂದು ಸಿಟಿಗೆ ಸುಮಾರು 6 ಮಿಲಿಸೀವರ್ಟ್, ಸೊಂಟದ ಎಕ್ಸ್‌ರೇಗೆ ಸುಮಾರು ಒಂದೂವರೆ. ನೀವು ಏನೂ ಮಾಡದೆ ಭೂಮಿ ಮೇಲೆ ಒಂದು ವರ್ಷ ಬದುಕಿದ್ರೆ ಸಿಗೋದು ಸರಾಸರಿ 2.4. ಗಾಬರಿ ಪಡೋ ಲೆಕ್ಕ ಅಲ್ಲ, ಸುಮ್ಮಸುಮ್ಮನೆ ಮಾಡಿಸೋ ಲೆಕ್ಕನೂ ಅಲ್ಲ. ಎಂಆರ್‌ಐ ಮಾಡಲಾಗದವರಿಗೆ, ಅಂದ್ರೆ ಕೆಲವು ಹಳೇ ಪೇಸ್‌ಮೇಕರ್ ಅಂಥದ್ದಿದ್ದವರಿಗೆ, ಸಿಟಿ ಉಪಯೋಗಕ್ಕೆ ಬರುತ್ತೆ.

ಎಂಆರ್‌ಐ ಬೇರೆ ಜಾತಿ. ಅಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣದ ಭಯ ಇಲ್ಲ. ದೊಡ್ಡ ಆಯಸ್ಕಾಂತ ಮತ್ತು ರೇಡಿಯೋ ತರಂಗ. ಮುಖ್ಯವಾಗಿ ಅದು ನೋಡೋದು ದೇಹದಲ್ಲಿರೋ ನೀರು ಮತ್ತು ಕೊಬ್ಬಿನಲ್ಲಿರೋ ಹೈಡ್ರೋಜನ್. ಟಿ2 ಅಂತ ಒಂದು ಸರಣಿ ಚಿತ್ರ ಇರುತ್ತೆ, ಅದರಲ್ಲಿ ನೀರು ಬೆಳ್ಳಗೆ ಕಾಣುತ್ತೆ. ಹದಿನೆಂಟರ ಹುಡುಗನ ಡಿಸ್ಕ್ ನೀರು ತುಂಬಿ ಬೆಳ್ಳಗಿರುತ್ತೆ. ವಯಸ್ಸಾಗ್ತಾ ನೀರು ಕಡಿಮೆ ಆಗಿ ಕಪ್ಪಾಗುತ್ತೆ. ರಿಪೋರ್ಟ್‌ನಲ್ಲಿ "ಡೆಸಿಕೇಷನ್" ಅಂತ ಬರೀತೀವಲ್ಲ, ಅದು ಇದೇ. ಒಣಗಿದೆ ಅಂತ ಅರ್ಥ. ನನ್ನ ಎಲ್5-ಎಸ್1 ಕೂಡ ಕಪ್ಪಾಗಿದೆ. ಹೊಸ ಮೆಷಿನ್ ಬಂದಾಗ ಪರೀಕ್ಷೆಗೆ ನಾನೇ ಮಲಗಿದ್ದೆ, ಆವಾಗ ಗೊತ್ತಾಯ್ತು. ಜೊತೆಗೆ ಎಡಗಡೆ ಒಂದು ಸಣ್ಣ ಪ್ರೋಟ್ರೂಷನ್ ಬೇರೆ. ಎಡಗಾಲು ಇವತ್ತಿನವರೆಗೂ ನೋವಾಗಿಲ್ಲ.

ಈ ಬಲ್ಜ್, ಪ್ರೋಟ್ರೂಷನ್, ಎಕ್ಸ್‌ಟ್ರೂಷನ್ ಅನ್ನೋ ಪದಗಳಿಗೆ ಹೋಳಿಗೆ ನೆನಪು ಮಾಡ್ಕೊಳ್ಳಿ. ಡಿಸ್ಕ್‌ಗೆ ಹೊರಗೆ ಗಟ್ಟಿ ಪದರ, ಅದು ಕಣಕ. ಒಳಗೆ ಮೆತ್ತಗಿನ ತಿರುಳು, ಅದು ಹೂರಣ. ಲಟ್ಟಿಸುವಾಗ ಇಡೀ ಹೋಳಿಗೆ ಸುತ್ತಲೂ ಸ್ವಲ್ಪ ಅಗಲ ಆಯ್ತು ಅಂದ್ರೆ ಬಲ್ಜ್. ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು ಕಡೆ ಅಂಚು ಹೊರಗೆ ಬಂದಿದ್ರೆ ಮಾತ್ರ ಆ ಪದ ಬಳಸಬೇಕು ಅಂತ ನಿಯಮ ಇದೆ. ಒಂದೇ ಕಡೆ ಉಬ್ಬಿ, ಬುಡ ಅಗಲ, ತುದಿ ಕಿರಿದಾಗಿದ್ರೆ ಪ್ರೋಟ್ರೂಷನ್. ಕಣಕ ಹರಿದು ಹೂರಣ ಹೊರಗೆ ಬಂದು, ಬಾಯಿ ಸಣ್ಣದಿದ್ದು ಆಚೆಗೆ ಹರಡಿದ್ರೆ ಎಕ್ಸ್‌ಟ್ರೂಷನ್. ಹೂರಣದ ಒಂದು ತುಣುಕು ಪೂರ್ತಿ ಕಿತ್ತು ಬಂದು ಹಂಚಿಗೆ ಅಂಟಿಕೊಂಡಿತಲ್ಲ, ಅದು ಸೀಕ್ವೆಸ್ಟ್ರೇಷನ್. "ಸ್ಲಿಪ್ ಡಿಸ್ಕ್" ಅಂತ ನಾವೆಲ್ಲಾ ಅಂತೀವಿ, ಆದ್ರೆ ಡಿಸ್ಕ್ ಯಾವತ್ತೂ ಜಾರೋದಿಲ್ಲ. ಅದು ಮೇಲಿನ ಕೆಳಗಿನ ಮೂಳೆಗೆ ಭದ್ರವಾಗಿ ಅಂಟಿಕೊಂಡಿರುತ್ತೆ. ಹಾಗಾಗಿ ಯಾರಾದ್ರೂ ಒತ್ತಿ, ತಿರುಚಿ, ಡಿಸ್ಕನ್ನ ವಾಪಸ್ ಜಾಗಕ್ಕೆ ಕೂರಿಸ್ತೀನಿ ಅಂದ್ರೆ ನಯವಾಗಿ ನಮಸ್ಕಾರ ಹೇಳಿ ಬನ್ನಿ.

ಈಗ ಒಂದು ಆಶ್ಚರ್ಯದ ವಿಷಯ. ಈ ನಾಲ್ಕರಲ್ಲಿ ಕೇಳೋಕೆ ತುಂಬಾ ಭಯಂಕರ ಯಾವುದು? ಸೀಕ್ವೆಸ್ಟ್ರೇಷನ್. ತಾನಾಗಿ ಕರಗೋ ಸಾಧ್ಯತೆ ಯಾವುದಕ್ಕೆ ಹೆಚ್ಚು? ಅದಕ್ಕೇ. 2015ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟಿಗೆ ನೋಡಿದ ಒಂದು ಪ್ರಬಂಧದ ಪ್ರಕಾರ, ಆಪರೇಷನ್ ಇಲ್ಲದೆ ತಾನಾಗಿ ಕುಗ್ಗಿದ್ದು ಸೀಕ್ವೆಸ್ಟ್ರೇಷನ್‌ನಲ್ಲಿ ಶೇ 96, ಎಕ್ಸ್‌ಟ್ರೂಷನ್‌ನಲ್ಲಿ ಶೇ 70, ಪ್ರೋಟ್ರೂಷನ್‌ನಲ್ಲಿ ಶೇ 41, ಬಲ್ಜ್‌ನಲ್ಲಿ ಬರೀ ಶೇ 13. ಹೊರಗೆ ಬಂದ ತುಣುಕನ್ನ ದೇಹ ಪರಕೀಯ ವಸ್ತು ಅಂತ ಗುರುತಿಸಿ, ರಕ್ತದ ಕಣಗಳನ್ನ ಕಳಿಸಿ ತಿಂದು ಹಾಕುತ್ತೆ. ಒಳಗೇ ಇರೋ ಬಲ್ಜ್ ಅದರ ಕಣ್ಣಿಗೆ ಬೀಳೋದಿಲ್ಲ.

ಹಾಗಾದ್ರೆ ಬಲ್ಜ್ ಹೋಗೋದೇ ಇಲ್ವಾ ಅಂತ ಕೇಳಬೇಡಿ. ಅದು ಹೋಗಬೇಕು ಅಂತ ಯಾರು ಹೇಳಿದ್ರು? ಇಲ್ಲಿಗೆ ಮುಖ್ಯ ಲೆಕ್ಕ ಬರುತ್ತೆ. 2015ರಲ್ಲೇ ಅಮೆರಿಕದ ನ್ಯೂರೋರೇಡಿಯಾಲಜಿ ಪತ್ರಿಕೆಯಲ್ಲಿ ಬ್ರಿಂಜಿಕ್ಜಿ ಮತ್ತು ಸಂಗಡಿಗರ ಒಂದು ಲೇಖನ ಬಂತು. 33 ಅಧ್ಯಯನಗಳು, 3,110 ಜನ. ಇವರ್ಯಾರಿಗೂ ಬೆನ್ನು ನೋವು ಇರಲಿಲ್ಲ. ಸ್ಕ್ಯಾನ್‌ನಲ್ಲಿ ಏನು ಕಂಡಿತು? 20ರ ವಯಸ್ಸಿನವರಲ್ಲೇ ಶೇ 37 ಜನಕ್ಕೆ ಡಿಸ್ಕ್ ಸವೆತ. 30ರಲ್ಲಿ ಶೇ 52. 40ರಲ್ಲಿ ಶೇ 68. 80ಕ್ಕೆ ಹೋಗುವಾಗ ಶೇ 96. ಬಲ್ಜ್ ಲೆಕ್ಕ ನೋಡಿದ್ರೆ 30ರಲ್ಲಿ ಶೇ 40, 40ರಲ್ಲಿ ಅರ್ಧಕ್ಕರ್ಧ ಜನ. ಇವತ್ತು ಈ ಹಾಲ್‌ನಲ್ಲಿ ಕೂತಿರೋ ನಿಮ್ಮನ್ನೆಲ್ಲಾ ಸಾಲಾಗಿ ಮಲಗಿಸಿ ಸ್ಕ್ಯಾನ್ ಮಾಡಿದ್ರೆ ಸುಮಾರು ಅರ್ಧ ಜನಕ್ಕೆ ನಾನು "ಡಿಸ್ಕ್ ಬಲ್ಜ್" ಅಂತ ಬರೆದು ಕೊಡಬಹುದು. ನೀವು ಮಾತ್ರ ಆರಾಮಾಗಿ ಟೀ ಕುಡೀತಾ ಇದ್ದೀರಿ.

ನಿಮ್ಮ ಭಾಷೇಲಿ ಹೇಳೋದಾದ್ರೆ, ಸರ್ವರ್ ಬಿದ್ದ ದಿನ ಲಾಗ್ ತೆಗೆದ್ರೆ ಇನ್ನೂರು ವಾರ್ನಿಂಗ್ ಇರುತ್ತೆ. ನಿನ್ನೆ ಸರ್ವರ್ ಚೆನ್ನಾಗಿ ಓಡ್ತಿದ್ದಾಗಲೂ ಅದೇ ಇನ್ನೂರು ಇತ್ತು. ನಿನ್ನೆಯ ಲಾಗ್ ನಿಮ್ಮ ಹತ್ರ ಇಲ್ಲ. ಹಾಗಾಗಿ ಮೊದಲು ಕಣ್ಣಿಗೆ ಬಿದ್ದಿದ್ದನ್ನೇ ಹಿಡ್ಕೊಳ್ತೀರಿ.

ಇನ್ನೊಂದು ಅಧ್ಯಯನ ನಮ್ಮ ವೃತ್ತಿಗೆ ಸ್ವಲ್ಪ ಮುಜುಗರದ್ದು, ಆದ್ರೂ ಹೇಳ್ತೀನಿ. 2017ರಲ್ಲಿ ಪ್ರಕಟ ಆಯ್ತು. ಸೊಂಟ ನೋವು, ಬಲಗಾಲಿಗೆ ಇಳಿಯೋ ನೋವು ಇದ್ದ 63 ವರ್ಷದ ಒಬ್ಬ ಮಹಿಳೆ ಮೂರು ವಾರದಲ್ಲಿ ನ್ಯೂಯಾರ್ಕ್ ಸುತ್ತಮುತ್ತಲಿನ ಹತ್ತು ಬೇರೆ ಬೇರೆ ಸೆಂಟರ್‌ನಲ್ಲಿ ಎಂಆರ್‌ಐ ಮಾಡಿಸಿದರು. ಹತ್ತೂ ರಿಪೋರ್ಟ್ ಸೇರಿ 49 ಬೇರೆ ಬೇರೆ ದೋಷಗಳು. ಹತ್ತರಲ್ಲೂ ಇದ್ದ ದೋಷ ಎಷ್ಟು? ಒಂದೂ ಇಲ್ಲ. ಸುಮಾರು ಮೂರನೇ ಒಂದು ಭಾಗ, ಒಂದೇ ಒಂದು ರಿಪೋರ್ಟ್‌ನಲ್ಲಿ ಮಾತ್ರ ಬಂದಿದ್ದವು. ಒಂದೇ ಬೆನ್ನು, ಹತ್ತು ಕಥೆ. ಹಾಗಂತ ರಿಪೋರ್ಟೇ ಬೋಗಸ್ ಅಂತ ನಾನು ಹೇಳಿದ್ರೆ ನಾಳೆ ನನ್ನ ಕೆಲಸ ಹೋಗುತ್ತೆ. (ನಗು) ದೊಡ್ಡ ಸಂಗತಿಗಳು, ಅಂದ್ರೆ ದೊಡ್ಡ ಎಕ್ಸ್‌ಟ್ರೂಷನ್, ಗಡ್ಡೆ, ಸೋಂಕು, ಮೂಳೆ ಮುರಿತ, ಇವುಗಳಲ್ಲಿ ನಮ್ಮಲ್ಲಿ ಇಷ್ಟು ಭಿನ್ನಾಭಿಪ್ರಾಯ ಬರೋದಿಲ್ಲ. "ಮೈಲ್ಡ್", "ಮಾಡರೇಟ್", "ಇಂಡೆಂಟಿಂಗ್", ಈ ಸಣ್ಣ ಪದಗಳು ಇದ್ದಾವಲ್ಲ, ಅವು ಓದೋರಿಂದ ಓದೋರಿಗೆ ಬದಲಾಗುತ್ತವೆ. ಈ ಪದಗಳಿಗೇ ನೀವು ರಾತ್ರಿ ನಿದ್ದೆ ಕೆಡಿಸ್ಕೊಳ್ತೀರಿ.

ಹಾಗಾದ್ರೆ ಮಾಡಿಸಲೇಬಾರದಾ? ಅಲ್ಲ. ಇಲ್ಲಿ ನನ್ನ ಎರಡನೇ ತಪ್ಪು ಹೇಳಬೇಕು. ಮೊದಲನೇದಕ್ಕಿಂತ ಇದು ಹೆಚ್ಚು ಕಾಡುತ್ತೆ.

ನನ್ನ ಸೋದರಮಾವ ಊರಲ್ಲಿ ಇರ್ತಾರೆ, ಹೊಲ ನೋಡ್ಕೊಂಡು. 58 ವಯಸ್ಸು ಆಗ. ಎರಡು ತಿಂಗಳಿಂದ ಬೆನ್ನು ನೋವು ಅಂತ ಫೋನಲ್ಲಿ ಹೇಳಿದ್ರು. ಅಲ್ಲೇ ಎಕ್ಸ್‌ರೇ ಮಾಡಿಸಿ ಫೋಟೊ ಕಳಿಸಿದ್ರು. ನೋಡಿದೆ, ಅಂಥದ್ದೇನೂ ಕಾಣಲಿಲ್ಲ. ನಾನು ಆಗಷ್ಟೇ ಈ ಅಧ್ಯಯನಗಳನ್ನೆಲ್ಲಾ ಓದಿ, ಸಿಕ್ಕವರಿಗೆಲ್ಲಾ "ಸುಮ್ನೆ ಎಂಆರ್‌ಐ ಬೇಡ" ಅಂತ ಉಪದೇಶ ಮಾಡ್ತಿದ್ದೆ. ಮಾವನಿಗೂ ಅದನ್ನೇ ಹೇಳಿದೆ: "ವಯಸ್ಸಿಗೆ ಆಗುತ್ತೆ ಮಾವ, ಓಡಾಡ್ತಾ ಇರಿ." ಅತ್ತೆ ಫೋನ್ ತಗೊಂಡು ಹೇಳಿದ್ರು: "ರಾತ್ರಿ ಹಾಸಿಗಿ ಒದ್ದಿ ಆಗೂ ಹಂಗ ಬೆವರ್ತಾರ ನೋಡವಾ. ಅಂಗಿ ಎಲ್ಲಾ ದೊಗಳೆ ಆಗ್ಯಾವ." ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡೂ ಬೇಸಿಗೆ ಅಲ್ವಾ ಅಂದೆ.

ಇನ್ನು ಒಂದೂವರೆ ತಿಂಗಳಾದ ಮೇಲೆ ಮಾವನಿಗೆ ನಡೆಯುವಾಗ ಕಾಲು ತೊಡರೋಕೆ ಶುರು ಆಯ್ತು. ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಎಂಆರ್‌ಐ ಮಾಡಿಸಿದ್ರು. ಬೆನ್ನುಮೂಳೆ ಟಿಬಿ. ಅಕ್ಕಪಕ್ಕದ ಎರಡು ಮೂಳೆಗಳು ತಿಂದು ಹೋಗಿದ್ದವು, ಪಕ್ಕದ ಸ್ನಾಯುವಿನೊಳಗೆ ಕೀವು ತುಂಬಿತ್ತು. ಆ ಚಿತ್ರ ನೋಡಿದ್ರೆ ಮೊದಲ ವರ್ಷದ ಪಿಜಿ ವಿದ್ಯಾರ್ಥಿನೂ ಹೇಳ್ತಾನೆ. ಮೂಳೆಯ ಖನಿಜದಲ್ಲಿ ಮೂರರಲ್ಲಿ ಒಂದು ಭಾಗದಷ್ಟಾದ್ರೂ ಕರಗಿದ ಮೇಲೆಯೇ ಎಕ್ಸ್‌ರೇಯಲ್ಲಿ ಕಾಣೋದು, ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಅಂತಲೇ ಬರುತ್ತೆ. ಇದು ನಾನೇ ಪರೀಕ್ಷೆಯಲ್ಲಿ ಬರೆದು ಪಾಸಾದ ಉತ್ತರ. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿ ಇದ್ದಾರೆ. ಅಮೆರಿಕದ ಲೆಕ್ಕ ಓದಿಕೊಂಡು ನಾನು ಊರಿನ ಕಾಯಿಲೆ ಮರೆತಿದ್ದೆ. ಮಾವ ಒಂದು ವರ್ಷಕ್ಕಿಂತ ಹೆಚ್ಚು ಮಾತ್ರೆ ತಗೊಂಡ್ರು, ಈಗ ಓಡಾಡ್ತಾರೆ. ಬೆನ್ನು ಸ್ವಲ್ಪ ಬಾಗಿದೆ. ಅದರ ಬಗ್ಗೆ ಅವರು ಒಂದು ಮಾತೂ ನನಗೆ ಅಂದಿಲ್ಲ.

ಹಾಗಾಗಿ ಈಗ ಹೇಳೋದನ್ನ ಬರೆದುಕೊಂಡ್ರೂ ಪರವಾಗಿಲ್ಲ. ಸೊಂಟ ನೋವಿನ ಜೊತೆ ಜ್ವರ ಇದ್ರೆ, ರಾತ್ರಿ ಬೆವರು, ಕಾರಣ ಇಲ್ಲದೆ ತೂಕ ಇಳಿಯೋದು, ಮಲಗಿದ್ರೂ ಬಿಡದೆ ರಾತ್ರಿ ಎಬ್ಬಿಸೋ ನೋವು ಇದ್ರೆ, ಹಿಂದೆ ಎಲ್ಲಾದರೂ ಕ್ಯಾನ್ಸರ್ ಆಗಿದ್ರೆ, ಬಿದ್ದು ಪೆಟ್ಟಾಗಿದ್ರೆ, ಬಹಳ ಕಾಲ ಸ್ಟೆರಾಯ್ಡ್ ತಗೊಂಡಿದ್ರೆ, ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾಗಿದ್ರೆ, ಆರು ವಾರ ಕಾಯೋ ಲೆಕ್ಕ ಇಲ್ಲಿ ಇಲ್ಲ. ಬೇಗ ಡಾಕ್ಟರ್‌ಗೆ ತೋರಿಸಿ. ಪಾದ ಎತ್ತೋಕೆ ಆಗ್ತಿಲ್ಲ, ಚಪ್ಪಲಿ ಜಾರಿ ಹೋಗ್ತಿದೆ, ದಿನದಿಂದ ದಿನಕ್ಕೆ ಕಾಲಿನ ಶಕ್ತಿ ಕಡಿಮೆ ಆಗ್ತಿದೆ ಅಂದ್ರೂ ಅಷ್ಟೇ.

ಇದರಲ್ಲಿ ಒಂದು ಮಾತ್ರ ಗಂಟೆಗಳ ಲೆಕ್ಕದ್ದು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದು ಹೋಗುತ್ತೆ, ಅದರ ಕೆಳಗೆ ನರಗಳ ಗೊಂಚಲು ಕುದುರೆ ಬಾಲದ ಹಾಗೆ ಇಳಿಯುತ್ತೆ. ಅದರ ಲ್ಯಾಟಿನ್ ಹೆಸರೂ ಅದೇ ಅರ್ಥದ್ದು, ಕಾಡಾ ಇಕ್ವೈನಾ. ದೊಡ್ಡ ಡಿಸ್ಕ್ ತುಣುಕು ಈ ಇಡೀ ಗೊಂಚಲನ್ನ ಒತ್ತಿದ್ರೆ ಮೂತ್ರ ಕಟ್ಟಿಕೊಳ್ಳುತ್ತೆ ಅಥವಾ ಗೊತ್ತಾಗದೆ ಹೋಗುತ್ತೆ, ಸೈಕಲ್ ಸೀಟಿಗೆ ತಾಗೋ ಭಾಗ ಮರಗಟ್ಟುತ್ತೆ, ಎರಡೂ ಕಾಲಿಗೆ ನೋವು ಅಥವಾ ನಿಶ್ಶಕ್ತಿ ಬರುತ್ತೆ. ನಮ್ಮ ಜನ ಇದನ್ನ ಹೇಳೋಕೆ ನಾಚಿಕೊಳ್ತಾರೆ, ಎರಡು ದಿನ ಮುಚ್ಚಿಡ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಆಪ್‌ನಲ್ಲಿ ನಾಳೆಯ ಸ್ಲಾಟ್ ಹುಡುಕಬೇಡಿ. ಸ್ಪೈನ್ ಸರ್ಜನ್ ಇರೋ ಆಸ್ಪತ್ರೆಯ ಕ್ಯಾಶುವಲ್ಟಿಗೆ ಆ ರಾತ್ರಿಯೇ ಹೋಗಿ. ತಡ ಆದಷ್ಟೂ ಮೂತ್ರದ ಹಿಡಿತ ವಾಪಸ್ ಬರೋ ಸಾಧ್ಯತೆ ಕಡಿಮೆ ಆಗುತ್ತೆ.

ಇದ್ಯಾವುದೂ ಇಲ್ಲದ ಸಾಧಾರಣ ಸೊಂಟ ನೋವಿಗೆ, ಕಾಲಿಗೆ ಸ್ವಲ್ಪ ಎಳೆತ ಇದ್ರೂ, ಮೊದಲ ಆರು ವಾರ ಎಂಆರ್‌ಐ ಬೇಡ ಅನ್ನೋದು ಬಹುತೇಕ ಎಲ್ಲಾ ದೇಶಗಳ ಮಾರ್ಗಸೂಚಿ. ಹಾಗಂತ ಡಾಕ್ಟರೇ ಬೇಡ ಅಂತ ಅಲ್ಲ. ಡಾಕ್ಟರು ನಿಮ್ಮನ್ನ ಮಲಗಿಸಿ ಮಂಡಿ ಮಡಿಸದೆ ಕಾಲು ಎತ್ತಿ ನೋಡ್ತಾರೆ, ಹೆಬ್ಬೆರಳು ಮೇಲೆತ್ತಿ ಅಂತಾರೆ, ತುದಿಗಾಲಲ್ಲಿ ನಿಲ್ಲಿ ಅಂತಾರೆ. ಐದು ನಿಮಿಷದ ಈ ಪರೀಕ್ಷೆ ಇಲ್ಲದೆ ಬರೋ ಎಂಆರ್‌ಐ ನನಗೆ ಕುರುಡು ಎಂಆರ್‌ಐ ಇದ್ದ ಹಾಗೆ. 2001ರಲ್ಲಿ ಬ್ರಿಟನ್‌ನಲ್ಲಿ ಒಂದು ಪ್ರಯೋಗ ಮಾಡಿದ್ರು. ಸೊಂಟ ನೋವಿನ 421 ಜನರಲ್ಲಿ ಕೆಲವರಿಗೆ ಎಕ್ಸ್‌ರೇ, ಕೆಲವರಿಗೆ ಇಲ್ಲ. ಮೂರು ತಿಂಗಳಾದ ಮೇಲೆ ಎಕ್ಸ್‌ರೇ ಆದವರಲ್ಲೇ ನೋವು ಇದೆ ಅಂದವರು ಹೆಚ್ಚು. ತಮಾಷೆ ಅಂದ್ರೆ ಚಿಕಿತ್ಸೆ ಬಗ್ಗೆ ತೃಪ್ತಿ ಕೂಡ ಅವರಿಗೇ ಹೆಚ್ಚು.

ಆರು ವಾರ ಆದ್ಮೇಲೂ ಕಾಲು ನೋವು ಕೆಲಸ ಮಾಡೋಕೆ ಬಿಡ್ತಿಲ್ಲ, ಇಂಜೆಕ್ಷನ್ ಅಥವಾ ಆಪರೇಷನ್ ಯೋಚನೆ ಇದೆ ಅಂದ್ರೆ ಆವಾಗ ಎಂಆರ್‌ಐ ಬಹಳ ಉಪಯುಕ್ತ. ಆವಾಗ ನೀವು ಒಂದು ಪ್ರಶ್ನೆ ಹಿಡ್ಕೊಂಡು ಬರ್ತೀರಿ. ಹೊಂದಾಣಿಕೆ ಹೀಗೆ ನೋಡಿ: ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತೋದು ಎಲ್5 ನರವನ್ನ. ಅದರ ನೋವು ಮೊಣಕಾಲ ಕೆಳಗೆ ಹೊರಭಾಗದಿಂದ ಪಾದದ ಮೇಲೆ ಹೆಬ್ಬೆರಳಿಗೆ ಬರುತ್ತೆ. ಎಲ್5-ಎಸ್1 ಡಿಸ್ಕ್ ಎಸ್1 ನರವನ್ನ ಒತ್ತುತ್ತೆ, ನೋವು ಮೀನಖಂಡದ ಹಿಂದಿನಿಂದ ಕಿರುಬೆರಳಿನ ಕಡೆಗೆ. ಡಿಸ್ಕ್ ಹೊರಬರೋದು ಬಹುಪಾಲು ಈ ಎರಡೇ ಕಡೆ. ನಿಮ್ಮ ನೋವು ಬಲಗಾಲಿಗೆ, ರಿಪೋರ್ಟ್‌ನಲ್ಲಿ ಪ್ರೋಟ್ರೂಷನ್ ಎಡಕ್ಕೆ ಅಂದ್ರೆ ಆ ಪ್ರೋಟ್ರೂಷನ್‌ಗೂ ನಿಮ್ಮ ನೋವಿಗೂ ಸಂಬಂಧ ಇಲ್ಲ. ಅದಕ್ಕೆ ಆಪರೇಷನ್ ಮಾಡೋಣ ಅಂತ ಯಾರಾದ್ರೂ ಅಂದ್ರೆ ಇನ್ನೊಬ್ಬರನ್ನ ಕೇಳಿ.

ಇನ್ನು ಸೆಂಟರ್‌ಗೆ ಹೋಗುವಾಗಿನ ಸಣ್ಣಪುಟ್ಟ ವಿಷಯ. ಡಾಕ್ಟರ ಚೀಟಿಯಲ್ಲಿ ಬರೀ "ಎಂಆರ್‌ಐ ಎಲ್‌ಎಸ್ ಸ್ಪೈನ್" ಅಂತ ಇದ್ರೆ ನೋವು ಎಲ್ಲಿ, ಯಾವ ಕಾಲು, ಎಷ್ಟು ದಿನದಿಂದ ಅಂತ ನೀವೇ ಒಂದು ಹಾಳೇಲಿ ಬರೆದು ಕೊಡಿ. ನಮಗೆ ಅದು ಬಂಗಾರ. ಹಳೇ ಸ್ಕ್ಯಾನ್ ಇದ್ರೆ ರಿಪೋರ್ಟ್ ಜೊತೆ ಸಿಡಿ ಅಥವಾ ಲಿಂಕ್ ಕೂಡ ತನ್ನಿ. ಫಿಲ್ಮ್‌ನ ಮೊಬೈಲ್ ಫೋಟೊದಿಂದ ನಾವು ಹೆಚ್ಚೇನೂ ಹೇಳೋಕಾಗಲ್ಲ, ಡೈಕಾಮ್ ಫೈಲ್ ಬೇಕು. ಕಾಂಟ್ರಾಸ್ಟ್ ಇಂಜೆಕ್ಷನ್ ಸಾಧಾರಣ ಡಿಸ್ಕ್‌ಗೆ ಬೇಕಿಲ್ಲ. ಸೋಂಕು, ಗಡ್ಡೆ ಅನುಮಾನ ಇದ್ರೆ, ಹಿಂದೆ ಆಪರೇಷನ್ ಆಗಿದ್ರೆ ಬೇಕಾಗಬಹುದು. ಕಿಡ್ನಿ ತೊಂದರೆ ಇದ್ರೆ ಮೊದಲೇ ಹೇಳಿ. ಲೋಹ ಅಂದ್ರೆ ಸುಮ್ಮನೆ ಮಾತಲ್ಲ. 2018ರಲ್ಲಿ ಮುಂಬೈನ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡ್ಕೊಂಡು ಎಂಆರ್‌ಐ ಕೋಣೆಗೆ ಹೋದ ರೋಗಿಯ ಸಂಬಂಧಿಕನೊಬ್ಬ ಸತ್ತೇ ಹೋದ. ಮೆಷಿನ್ ಆಫ್ ಆಗಿದೆ ಅಂತ ಯಾರಾದ್ರೂ ಅಂದ್ರೂ ನಂಬಬೇಡಿ, ಆ ಆಯಸ್ಕಾಂತ ರಾತ್ರಿ ಹಗಲು ಆನ್ ಇರುತ್ತೆ.

ಒಂದೆರಡು ಪ್ರಶ್ನೆ ತಗೊಳ್ತೀನಿ.

"ನೋವು ಕಡಿಮೆ ಆದ್ಮೇಲೆ ಡಿಸ್ಕ್ ಒಳಗೆ ಹೋಗಿದೆಯಾ ಅಂತ ನೋಡೋಕೆ ಇನ್ನೊಂದು ಎಂಆರ್‌ಐ ಬೇಡವಾ?" ಬೇಡ. 2013ರಲ್ಲಿ ನೆದರ್ಲೆಂಡ್ಸ್‌ನವರು ಇದನ್ನೇ ನೋಡಿದ್ರು. ಸಯಾಟಿಕಾ ಇದ್ದ 283 ಜನರನ್ನ ಒಂದು ವರ್ಷ ಆದ್ಮೇಲೆ ಮತ್ತೆ ಸ್ಕ್ಯಾನ್ ಮಾಡಿದ್ರು. ಚೆನ್ನಾಗಿ ಗುಣ ಆದವರಲ್ಲಿ ಶೇ 35 ಜನಕ್ಕೆ ಡಿಸ್ಕ್ ಇನ್ನೂ ಹೊರಗೇ ಇತ್ತು. ಗುಣ ಆಗದವರಲ್ಲಿ ಶೇ 33. ಚಿತ್ರ ನೋಡಿ ಯಾರು ಗುಣ ಆದ್ರು ಅಂತ ಹೇಳೋಕೇ ಆಗಲ್ಲ. ನೀವು ಓಡಾಡ್ತಿದ್ದೀರಾ, ಅದೇ ರಿಪೋರ್ಟ್.

"ಈಗ ನೀವು ರಿಪೋರ್ಟ್ ಬರೆಯೋದ್ರಲ್ಲಿ ಏನಾದ್ರೂ ಬದಲಾಯಿಸಿದ್ದೀರಾ ಮೇಡಂ?" ಬದಲಾಯಿಸಿದ್ದೀನಿ. "ಡಿಸೀಸ್" ತೆಗೆದಿದ್ದೀನಿ. ಈ ಬದಲಾವಣೆ ಇದೇ ವಯಸ್ಸಿನ ನೋವಿಲ್ಲದವರಲ್ಲೂ ಸಾಮಾನ್ಯ ಅಂತ ಕೆಳಗೆ ಒಂದು ಸಾಲು ಸೇರಿಸ್ತೀನಿ. ಅಮೆರಿಕದಲ್ಲಿ ಎರಡೂವರೆ ಲಕ್ಷ ಜನರ ರಿಪೋರ್ಟ್‌ಗಳಲ್ಲಿ ಇಂಥದ್ದೇ ಸಾಲು ಸೇರಿಸಿ ನೋಡಿದ್ರು, 2020ರಲ್ಲಿ ಫಲಿತಾಂಶ ಬಂತು. ಮುಂದಿನ ಪರೀಕ್ಷೆ, ಆಪರೇಷನ್‌ಗಳ ಒಟ್ಟು ಬಳಕೆ ಕಡಿಮೆ ಆಗಲಿಲ್ಲ. ಅಫೀಮು ಜಾತಿಯ ನೋವಿನ ಮಾತ್ರೆ ಬರೆಯೋದು ಮಾತ್ರ ಅಷ್ಟಿಷ್ಟು ಇಳಿಯಿತು. ಅದನ್ನ ಓದಿದ ಮೇಲೂ ನಾನು ಬರೀತೀನಿ. ರಾತ್ರಿ ಮಂಚದ ಮೇಲೆ ಹಾಳೆ ಹರವಿಕೊಂಡು ಕೂತವರು ಅದನ್ನೂ ಓದ್ತಾರಲ್ಲ, ಅವರಿಗೋಸ್ಕರ. ಅದರ ಜೊತೆ ಇನ್ನೊಂದು ಅಭ್ಯಾಸ ಮಾಡ್ಕೊಂಡಿದ್ದೀನಿ, ಊರಿಂದ ಯಾರಾದ್ರೂ ಫೋನ್ ಮಾಡಿದ್ರೆ ರಿಪೋರ್ಟ್ ಕೇಳೋಕಿಂತ ಮೊದಲು, ಜ್ವರ ಇದೆಯಾ, ಅಂಗಿ ದೊಗಳೆ ಆಗಿದೆಯಾ ಅಂತ ಕೇಳ್ತೀನಿ.

ಸಮಯ ಆಯ್ತು ಅಂತ ಆಯೋಜಕರು ಕೈ ತೋರಿಸ್ತಿದ್ದಾರೆ. ಉಳಿದ ಪ್ರಶ್ನೆಗೆ ಹೊರಗೆ ಟೀ ಹತ್ರ ಸಿಗ್ತೀನಿ, ಆದ್ರೆ ಯಾರೂ ಫೋನ್ ತೆಗೆದು ಎಂಆರ್‌ಐ ಫೋಟೊ ತೋರಿಸೋ ಹಾಗಿಲ್ಲ. (ನಗು)